ತಂಗಿಗೆ ಹೇಳಿಕೊಟ್ಟ ಶಿಖರ

೧೦-೨-೧೯೭೪, ರವಿವಾರ, ಸೊಲ್ಲಾಪುರ

ಈ ಸಂಬಂಧವೂ ಹೋಯಿತು, ಅದೂ ನನ್ನಿಂದಲೇ. ಅಕ್ಕಲಕೋಟೆಯ ವರನ ಕಾಕಾ ಸಾಲಿ ಮಾಸ್ತರರು. ಹೆಣ್ಣು ನೋಡಲು ಬಂದಾಗ ದೇಶದ ಎಲ್ಲಕ್ಕಿಂತ ಎತ್ತರದ ಶಿಖರ ಯಾವುದೆಂದು ಕೇಳುತ್ತಾರೆ ಅಂತ ಮಧ್ಯಸ್ಥರು ಮೊದಲೇ ಹೇಳಿದ್ದರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಯಾರನ್ನೂ ವಿಚಾರಿಸದೆ, ಅವ್ವ ದಿನಾ ನೆನೆದು ಕೈಮುಗಿಯುವ ಶಿಖರವನ್ನೇ ತಂಗಿ ಮಹಾನಂದಾಳಿಗೆ ಹೇಳಿಕೊಟ್ಟೆ.

ಇವತ್ತು ಮಾಸ್ತರರು ಅದನ್ನೇ ಕೇಳಿದರು. “ಶ್ರೀಶೈಲರಿ,” ಅಂದಳು ಮಹಾನಂದಾ.

“ಹಿಮಾಲಯ ಯಾರ ಹೊತ್ಕೊಂಡ ಹೋದ್ರವ್ವಾ?” ಅಂದರು ಮಾಸ್ತರರು. ಎಲ್ಲರೂ ನಕ್ಕರು. “ಯಾರ ಕಲಿಸ್ಯಾರ ಇದನ್ನ?”

ನಾನು ಚಹಾದ ಬಸಿ ನೋಡುತ್ತ ಕೂತೆ.

“ಯಾರೂ ಕಲಿಸಿಲ್ರಿ. ನಾನ ಹಂಗ ತಿಳಕೊಂಡಿದ್ದೆ,” ಅಂದಳು ಮಹಾನಂದಾ.

ಸಂಜೆಗೆ ಮಧ್ಯಸ್ಥರು ಬಂದು, “ಹುಡುಗಿ ಅಡಾಣಿ, ಏನೂ ತಿಳೀದಾಕಿ, ಬ್ಯಾಡ ಅಂದ್ರು,” ಎಂದರು. ಊಟಕ್ಕೆ ಅವಳೇ ಬಡಿಸಿದಳು. ನಾಳೆ ಅಕ್ಕಲಕೋಟೆಗೆ ಹೋಗಿ ನಿಜ ಹೇಳಬೇಕು. ಇವತ್ತು ಎದುರಿಗೇ ಕೂತಿದ್ದಾಗ ಹೇಳದವನು ನಾಳೆ ಅಲ್ಲಿಗೆ ಹೋಗಿ ಹೇಳುತ್ತೇನೆಯೇ?