ಗೋಲಿಗೊಂದು ಹಾರ್ನ್

ಮೈದಾನದ ಮಹಾಜನರೇ, ಕಿವಿಗೊಡಿ! ನಮ್ಮ ಬ್ರೋಡಿ ಇಂದು ಮೆಲ್ಬರ್ನಿನಲ್ಲಿ ತನ್ನ ಮೊದಲ ದೊಡ್ಡ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯ ಆಡಿದ!

ಅಪ್ಪ, ನೀನು ಬದುಕಿದ್ದರೆ ನನ್ನ ಬಗ್ಗೆ ಹೀಗೇ ಸಾರುತ್ತಿದ್ದೆ. ಹೊಸಬನಿಗೆ ತಂದೆಯೇ ಜೆರ್ಸಿ ಕೊಡುವುದು ಇಲ್ಲಿಯ ಪದ್ಧತಿ. ನನಗೆ ತಂಡದ ಬೂಟು ನೋಡಿಕೊಳ್ಳುವ ಮುದುಕ ಕ್ಲೆಮ್ ಕೊಟ್ಟ. "ಅಳಬೇಡ ಮಾರಾಯ, ಈಗಷ್ಟೇ ಇಸ್ತ್ರಿ ಮಾಡಿದ್ದು" ಅಂದ.

ಗೋಲಿನ ಎರಡು ನಡುಗಂಬಗಳ ಮಧ್ಯೆ ಚೆಂಡು ಒದ್ದೆ. ನಲವತ್ತು ಸಾವಿರ ಕಂಠಗಳು ಗುಡುಗಿದವು! ನಾನು ಮಾತ್ರ ಒಂದು ಹಾರ್ನಿಗೆ ಕಾದು ನಿಂತೆ. ಊರಿನಲ್ಲಿ ಗೋಲಾದರೆ ಮೈದಾನದ ಬೇಲಿ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ನಿನ್ನದು ನಿಲ್ಲುತ್ತಲೇ ಇರಲಿಲ್ಲ. "ಸಾಕು ಮಾಡಪ್ಪ, ನಾಚಿಕೆಯಾಗುತ್ತೆ" ಅಂದಿದ್ದೆ ನಾನು, ಹದಿನೇಳರ ಪ್ರಾಯದಲ್ಲಿ. ಆಮೇಲೆ ನೀನು ಒಮ್ಮೆಯೂ ಹೊಡೆಯಲಿಲ್ಲ.

ನಾಳೆ ಬೆಳಿಗ್ಗೆ ಊರಿಗೆ ಬಂದು, ನಿನ್ನ ಹಳೇ ಕಾರನ್ನು ಖಾಲಿ ಮೈದಾನದ ಬೇಲಿಗೆ ನಿಲ್ಲಿಸಿ, ಬ್ಯಾಟರಿ ಸಾಯುವವರೆಗೂ ಹಾರ್ನ್ ಒತ್ತುತ್ತೇನೆ.