ತೊಟ್ಟು ಬಿಡಿಸಿದವರ ಹೆಬ್ಬೆಟ್ಟು

ಬ್ಯಾಡಗಿ
ಕ್ರಿ.ಶ. 2231, ಹದಿಮೂರನೆಯ ತಿಂಗಳ ನಾಲ್ಕು

ವಿನುತಾ ಹಾವನೂರ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮಗಿಂತ ಎಷ್ಟೋ ತಲೆಮಾರು ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ಬೇಸಿಗೆ ಮುಗಿಯುವುದೇ ಇಲ್ಲವೆಂದಾಗ ನಾವು ವರ್ಷಕ್ಕೆ ಒಂದು ತಿಂಗಳು ಸೇರಿಸಿಕೊಂಡೆವು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಸರಕು ಯಾರ ಯಾರ ಕೈ ದಾಟಿ ಬಂತೆಂದು ಹೇಳುವ ನಿಮ್ಮ ಕಂಪನಿಯ 'ಜಾಡುಚೀಟಿ' ಇಲ್ಲಿ ಎಲ್ಲಕ್ಕೂ ಇದೆ. ಬೆಳಿಗ್ಗೆ ರೊಟ್ಟಿಗೆ ಖಾರ ಹಚ್ಚಿಕೊಂಡರೆ ತಟ್ಟೆಯೇ ಮೆಣಸಿನಕಾಯಿಯ ವಂಶಾವಳಿ ಓದುತ್ತದೆ: ಹೊಲ, ಹೊಲ ಉತ್ತ ಎತ್ತಿನ ಹೆಸರು, ಲಾರಿ ನಂಬರು, ಗಿರಣಿ. ನಿಮ್ಮ ನಂತರ ಬಂದವರು ಅದನ್ನು ಜನರಿಗೂ ಅಂಟಿಸಿದರು. ಹಿರಿಯರು ಈ ಊರಲ್ಲಿ ದುಡಿದದ್ದು ನಿಮ್ಮ ದಾಖಲೆಯಲ್ಲಿದ್ದರೆ ಮಾತ್ರ ಮನೆ, ನೀರು. ಉಳಿದವರು 'ಜಾಡಿಲ್ಲದವರು'. ನಮ್ಮ ಓಣಿಯವರೆಲ್ಲ ಜಾಡಿಲ್ಲದವರೇ. ಸೋಮವಾರದೊಳಗೆ ಊರು ಬಿಡಬೇಕೆಂದು ಆದೇಶ ಬಂದಿದೆ. ನನ್ನ ತಾಯಿಗೆ ಎಂಬತ್ತಾರು ವರ್ಷ. ಅವಳನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ?

ನಾಳೆ ಮಾರುಕಟ್ಟೆಯಲ್ಲಿ ನೀವು ಮಾಡಲಿರುವ ಜಾಡುಚೀಟಿಯ ಮೊದಲ ಪರೀಕ್ಷೆಯ ವಿಡಿಯೊ ನಮ್ಮ ಶಾಲೆಗಳಲ್ಲಿ ಪಾಠವಾಗಿದೆ. ನಾನು ನೂರು ಸಲ ನೋಡಿದ್ದೇನೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಸಾಲಾಗಿ ಕೂತಿದ್ದಾರೆ. ಉರಿ ತಡೆಯಲೆಂದು ಕೈಗೆ ಎಣ್ಣೆ ಸವರಿಕೊಂಡಿದ್ದಾರೆ. ನಿಮ್ಮ ಯಂತ್ರ ಕೇಳುವುದು ಹೆಬ್ಬೆಟ್ಟು. ಎಣ್ಣೆ ಮೆತ್ತಿದ, ಖಾರಕ್ಕೆ ಗೆರೆ ಸವೆದ ಬೆರಳನ್ನು ಅದು ಗುರುತಿಸುವುದಿಲ್ಲ. ಹೊರದೇಶದ ಖರೀದಿದಾರರು ಗಡಿಯಾರ ನೋಡುತ್ತಾರೆ. ನೀವು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ ತೊಟ್ಟು ಬಿಡಿಸುವ ಹಂತವನ್ನೇ ಜಾಡುಚೀಟಿಯಿಂದ ಅಳಿಸಿಹಾಕುತ್ತೀರಿ. ಆಗ ಒಬ್ಬಾಕೆ ಎದ್ದು ನಿಂತು, "ಅಕ್ಕಾರ, ಬಟ್ಟು ಮೂಡಲಿಲ್ಲಂದ್ರ ಹೆಸರರ ಬರಕೊಳ್ರಿ. ನಾವೂ ದುಡದೇವಿ" ಎನ್ನುತ್ತಾಳೆ. ನೀವು ನಗುತ್ತಾ, "ಮುಂದಿನ ಸಲ ಬರಕೋತೀನಿ ಯವ್ವಾ" ಎಂದು ಕ್ಯಾಮೆರಾ ಆಚೆ ತಿರುಗಿಸುತ್ತೀರಿ.

ಆಕೆ ನಮ್ಮ ಮನೆತನದ ಹಿರಿಯಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಅಧಿಕಾರಿಗಳ ಮುಂದೆ ಆ ವಿಡಿಯೊ ಇಟ್ಟೆ. ಮುಖವಿದ್ದರೆ ಸಾಲದು, ನಮೂದು ಬೇಕು ಎಂದರು. ಎತ್ತಿನ ಹೆಸರು ಬರೆದುಕೊಳ್ಳಲು ಪುರುಸೊತ್ತಿತ್ತಲ್ಲ ತಾಯಿ ನಿಮಗೆ. ಪಾರದರ್ಶಕತೆಗೆಂದು ಪ್ರಶಸ್ತಿಯನ್ನೂ ತೆಗೆದುಕೊಂಡಿರಿ.

ಈ ಕಾಗದ ಪರೀಕ್ಷೆಯ ಹಿಂದಿನ ದಿನ ನಿಮ್ಮ ಕೈಸೇರುವಂತೆ ಕಳಿಸುತ್ತಿದ್ದೇನೆ. ಖರೀದಿದಾರರು ಕಾಯಲಿ. ಯಂತ್ರ ಬದಿಗಿಟ್ಟು, ಪೆನ್ನು ಹಿಡಿದು ಆಕೆಯ ಮುಂದೆ ಕುಳಿತುಕೊಳ್ಳಿ. ಹೆಸರನ್ನು ನಾನೇ ಬರೆದು ಕಳಿಸುತ್ತಿದ್ದೆ. ಆದರೆ ಮನೆಯಲ್ಲಿ ಎಲ್ಲರೂ ಅವಳನ್ನು ತೊಟ್ಟಿನವ್ವ ಎಂದೇ ಕರೆಯುತ್ತಾ ಬಂದರು. ಅವಳ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ಇಂತು,
ಜಾಡಿಲ್ಲದ ಓಣಿಯ ಹುಲಿಗೆವ್ವ