ದೋಣಿಯವನಿಗೆ ಚಿಲ್ಲರೆ

ಅಕ್ಟೋಬರ್ 4, 2004. ಸೋಮವಾರ. ಬೆಳಿಗ್ಗೆ 11

ಕಾಫಿ ಉಕ್ಕಿತು. ಮತ್ತೆ. ಹೆಂಡತಿ ಹೋಗಿ ಮೂರು ವರ್ಷವಾದರೂ ಕೈ ಎರಡು ಕಪ್ಪಿನ ನೀರೇ ಅಳೆಯುತ್ತದೆ, ಪಾತ್ರೆ ಮಾತ್ರ ಒಂದು ಕಪ್ಪಿನದು. ಒಲೆ ಒರೆಸಿದೆ. ಅಸಿಮಿನಾ ಇದ್ದಿದ್ದರೆ "ಒಲೆಗೇ ಕುಡಿಸಿದೆಯಲ್ಲ, ಇನ್ನು ನೀನೇನು ಕುಡೀತೀಯ" ಅನ್ನುತ್ತಿದ್ದಳು.

ಮ್ಯೂಸಿಯಮ್ಮಿಗೆ ಇವತ್ತು ರಜೆ. ರಜೆಯಾದರೆ ನನಗೇನು — ರಿಟೈರ್ ಆಗಿ ಎರಡು ವರ್ಷ. ಆದರೂ ಮಿರ್ಸಿನಿ ಮನೆಗೇ ಹುಡುಕಿಕೊಂಡು ಬಂದಳು. ಅಲ್ಲಿನ ಹೊಸ ಅಧಿಕಾರಿ. ಅಥೆನ್ಸಿನಲ್ಲಿ ಓದಿದ ಹುಡುಗಿ, ಬೂಟಿನ ತುಂಬ ಮಣ್ಣು. ಒಲಿಂಪಿಕ್ಸ್ ಮುಗಿದರೂ ಪ್ರವಾಸಿಗರು ನಿಂತಿಲ್ಲವಂತೆ. ಎಲ್ಲರೂ ಕೇಳುವುದು ಅವೇ ಪ್ರಶ್ನೆಗಳಂತೆ.

"ಪ್ರೊಕೋಪಿ ಮಾಮ, ಮೂವತ್ತೊಂದು ವರ್ಷ ಅಲ್ಲಿ ಕಾವಲು ನಿಂತವರು ನೀವು. ಜನ ಏನು ಕೇಳ್ತಿದ್ರು, ನೀವೇನು ಹೇಳ್ತಿದ್ರಿ — ಬರೆದುಕೊಡಿ. ಇಂಗ್ಲಿಷಲ್ಲಿ. ಒಂದು ಕೈಪತ್ರ ಅಚ್ಚು ಹಾಕಿಸ್ತೀನಿ."

"ನನ್ನ ಇಂಗ್ಲಿಷಾ! ಎರಡು ವರ್ಷ ಕಾಲೇಜು, ಅದೂ ಅರವತ್ತನೇ ಇಸವಿಯಲ್ಲಿ. ತುಕ್ಕು ಹಿಡಿದಿದೆ ತಾಯಿ."

"ನಮ್ಮ ಕಡೆ ತುಕ್ಕು ಹಿಡಿದದ್ದಕ್ಕೇ ಬೆಲೆ ಜಾಸ್ತಿ ಮಾಮ."

ಒಪ್ಪಿಕೊಂಡೆ. ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ. ಇಪ್ಪತ್ತೈದನೇ ತಾರೀಕಿಗೆ ಕೊಡಬೇಕು.


ಅಕ್ಟೋಬರ್ 5, ಮಂಗಳವಾರ

ಗರಿಫಾಲಿಯಾ ಬಂದಿದ್ದಳು. ಅಸಿಮಿನಾಳ ತಂಗಿ. ಬಾಗಿಲು ತಟ್ಟುವ ಅಭ್ಯಾಸವಿಲ್ಲ. ಬಂದವಳೇ ಕಿಟಕಿಯ ತುಳಸಿ ಡಬ್ಬಿಗೆ ಬೆರಳು ಚುಚ್ಚಿ ನೋಡಿದಳು.

"ಒಣಗಿಸಿಬಿಟ್ಟಿದೀರಲ್ಲ ಭಾವ. ಅಕ್ಕ ನೋಡಿದ್ರೆ ನಿಮ್ಮನ್ನೇ ಡಬ್ಬಿಲಿ ನೆಡ್ತಿದ್ದಳು." ಕೂತಳು. "ಮೂರು ವರ್ಷ ತುಂಬ್ತಲ್ಲ. ಪಾದ್ರಿಗಳಿಗೆ ಹೇಳಿ ಬಂದೆ. ಇಪ್ಪತ್ತಮೂರು, ಶನಿವಾರ. ಅಕ್ಕನ್ನ ತೆಗೀಬೇಕು."

ಗೊತ್ತಿತ್ತು. ನಮ್ಮ ಸ್ಮಶಾನ ಅಂಗೈಯಗಲ. ಮೂರು ವರ್ಷ ಮಣ್ಣಲ್ಲಿ, ಆಮೇಲೆ ಮೂಳೆ ಎತ್ತಿ, ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಪಕ್ಕದ ಮೂಳೆಮನೆಗೆ. ನನ್ನಪ್ಪ ಅಲ್ಲೇ ಇದ್ದಾನೆ, ಎರಡನೇ ಕಪಾಟು.

"ನಾನೂ ಬರಲೇಬೇಕಾ?"

"ಮತ್ತೆ? ಗಂಡ ಬರದೆ ಬಸ್ ಡ್ರೈವರ್ ಬರ್ತಾನಾ?"

ಹೋಗುವಾಗ ಬಾಗಿಲಲ್ಲಿ ನಿಂತು ಬೇಕರಿ ಹಿಂದಿನ ಮನೆಯ ಮುದುಕನ ಮಾತೆತ್ತಿದಳು. ಕಳೆದ ವಸಂತದಲ್ಲಿ ಅಗೆದರೆ ಅವನು ಹಾಗೇ ಇದ್ದನಂತೆ, ಕರಗಿರಲಿಲ್ಲ. ಮತ್ತೆ ಮುಚ್ಚಿದರು. ಊರಿಗೆಲ್ಲ ಅದೇ ಮಾತು. "ಏನೋ ಹಿಡ್ಕೊಂಡಿರತ್ತೆ ಭಾವ. ಯಾರದೋ ಶಾಪ, ಇಲ್ಲಾ ಹೆಣದ ಜೊತೆ ಹಾಕಬಾರದ್ದು ಏನೋ ಹಾಕಿರ್ತಾರೆ. ಮಣ್ಣು ಒಲ್ಲೆ ಅನ್ನತ್ತೆ."

ಅವಳು ಹೋದ ಮೇಲೆ ತುಳಸಿಗೆ ನೀರು ಹಾಕಿದೆ.


ಅಕ್ಟೋಬರ್ 8, ಶುಕ್ರವಾರ. ಮಧ್ಯಾಹ್ನ

ನಾಲ್ಕು ಉತ್ತರ ಮುಗಿಯಿತು. ಡಿಕ್ಷನರಿ ಇಲ್ಲದೆ. (ಎರಡು ಸಲ ನೋಡಿದೆ.)

ಒಂದು — ವಿಗ್ರಹಗಳ ತಲೆ ಎಲ್ಲಿ? ಉತ್ತರ: ಭೂಕಂಪ, ಯುದ್ಧ, ಕಳ್ಳರು. ಕತ್ತು ಸಣ್ಣದು, ಮೊದಲು ಮುರಿಯುವುದೇ ಅದು.

ಎರಡು — ಎಲ್ಲರೂ ಯಾಕೆ ಬತ್ತಲೆ? ಇದಕ್ಕೆ ನಾನು ಅಂಗಸೌಷ್ಠವ, ವ್ಯಾಯಾಮ ಅಂತೆಲ್ಲ ಹೇಳುತ್ತಿದ್ದೆ. ಅಸಿಮಿನಾ ಪಕ್ಕದಲ್ಲಿ ನೆಲ ಒರೆಸುತ್ತ — ಮ್ಯೂಸಿಯಮ್ಮಿನ ನೆಲ, ಇಪ್ಪತ್ತಾರು ವರ್ಷ ಅವಳದೇ — "ಬಟ್ಟೆ ಒಗೆಯೋರು ಸಿಕ್ಕಿರಲಿಲ್ಲ ಅನ್ನು" ಅಂತಿದ್ದಳು. ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ ಜರ್ಮನ್ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಮೂರು — ನೀವಾಡುವುದು ಅದೇ ಹಳೆಯ ಭಾಷೆಯಾ? ಸಮುದ್ರಕ್ಕೆ ಅಂದೂ ಥಾಲಸ್ಸಾ, ಇಂದೂ ಥಾಲಸ್ಸಾ. ರೊಟ್ಟಿಗೆ ಮಾತ್ರ ಎರಡು ಹೆಸರು — ಚರ್ಚಿನಲ್ಲಿ ಹಳೆಯದು, ಅಡುಗೆಮನೆಯಲ್ಲಿ ಹೊಸದು. ದೇವರಿಗೆ ಹಳೇ ಮಾತು, ಹೊಟ್ಟೆಗೆ ಹೊಸ ಮಾತು. ಇದು ನನ್ನದೇ ವಾಕ್ಯ. ಚೆನ್ನಾಗಿದೆ.

ನಾಲ್ಕು — ಆ ಹೆಂಗಸಿನ ಹಲ್ಲು ಯಾಕೆ ಹಸಿರು?

ಮೂರನೇ ಕೋಣೆ, ಗಾಜಿನ ಪೆಟ್ಟಿಗೆ. ಎರಡು ಸಾವಿರದ ಮುನ್ನೂರು ವರ್ಷದ ಹೆಂಗಸಿನ ಅಸ್ಥಿಪಂಜರ. ದವಡೆಯ ಹತ್ತಿರ ಹಸಿರು ಕಲೆ. ಸತ್ತವರ ಬಾಯಲ್ಲಿ ಒಂದು ನಾಣ್ಯ ಇಡುತ್ತಿದ್ದರು, ಆಚೆ ದಡಕ್ಕೆ ದಾಟಿಸುವ ದೋಣಿಯವನಿಗೆ ಕೂಲಿ. ಕಂಚು ಕರಗಿ ಮೂಳೆಗೆ ಬಣ್ಣ ಹಿಡಿಯಿತು. ನಾಣ್ಯ ಎಂದೋ ಮಾಯ; ಕಲೆ ಉಳಿಯಿತು.

ಅಸಿಮಿನಾ ಅವಳನ್ನು ನೆರೆಯವಳು ಅನ್ನುತ್ತಿದ್ದಳು. ದಿನಾ ಬೆಳಿಗ್ಗೆ ಗಾಜು ಒರೆಸಿ, "ನಿದ್ದೆ ಬಂತಾ, ನೆರೆಯವ್ವ?"


ಅಕ್ಟೋಬರ್ 9, ಶನಿವಾರ

ಬರೆದೇಬಿಡುತ್ತೇನೆ. ಓದುವವರು ಯಾರಿದ್ದಾರೆ.

ಒಂದು ದಿನ ಅಸಿಮಿನಾ ಕೇಳಿದ್ದಳು — "ನಾಣ್ಯ ಕೊಡದೇ ಇದ್ರೆ?"

"ಈಚೆ ದಡದಲ್ಲೇ ಅಲೀಬೇಕು."

"ಅಯ್ಯೋ ಪಾಪಿ! ನಮ್ಮ ಬಸ್ ಕಂಡಕ್ಟರೇ ವಾಸಿ, ಒಂದೊಂದು ಸಲ ಬಿಟ್ಟಿ ಹತ್ತಿಸ್ಕೊಳ್ತಾನೆ." ಬಕೆಟ್ಟಿಗೆ ಬಟ್ಟೆ ಹಿಂಡಿದಳು. "ನನಗೆ ಮರೀಬೇಡಪ್ಪ ಮತ್ತೆ."

ನಗುತ್ತಲೇ ಹೇಳಿದ್ದು. ಹದಿನೈದು ವರ್ಷದ ಹಿಂದಿನ ಮಾತು.

2001ರ ಅಕ್ಟೋಬರ್ 19. ಪೆಟ್ಟಿಗೆಯಲ್ಲಿ ಮಲಗಿಸಿದ್ದರು, ಎದೆಯ ಮೇಲೆ ದೇವಮಾತೆಯ ಚಿತ್ರಪಟ, ಸುತ್ತ ಸೇವಂತಿಗೆ. ಹೆಂಗಸರು ಕಾಫಿಗೆ ಎದ್ದರು. ನನ್ನ ಜೇಬಿನಲ್ಲಿ ನೂರು ಡ್ರಾಕ್ಮಾದ ನಾಣ್ಯ, ಅಲೆಕ್ಸಾಂಡರನ ಮುಖದ್ದು. ಬಾಯಿಗೆ ಹಾಕಲು ಮನಸ್ಸು ಬರಲಿಲ್ಲ. ಬಲಗೈ ಬೆರಳ ಸಂದಿಗೆ ತುರುಕಿ ಮೇಲೆ ಹೂ ಮುಚ್ಚಿದೆ. ಯಾರೂ ನೋಡಲಿಲ್ಲ.

ಶಿಲುಬೆ ಕೆಳಗೆ ಮಲಗಿದವಳ ಕೈಗೆ ಹಳೇ ದೇವರುಗಳ ದುಡ್ಡು! ಮೂವತ್ತೊಂದು ವರ್ಷ ಪ್ರವಾಸಿಗರಿಗೆ "ನೋ ಮೇಡಂ, ಓನ್ಲಿ ಸ್ಟೋರಿ" ಅಂತ ಹೇಳಿದ ಮನುಷ್ಯ ನಾನು.

ಇಪ್ಪತ್ತಮೂರಕ್ಕೆ ಅವಳು ಕರಗದೆ ಹಾಗೇ ಇದ್ದರೆ... ಹಿಡಿದುಕೊಂಡದ್ದು ನಾನು. ನನ್ನ ಕೈಯಾರೆ.


ಅಕ್ಟೋಬರ್ 17, ಭಾನುವಾರ

ಎಂಟು ದಿನ ಏನೂ ಬರೆಯಲಿಲ್ಲ. ಇದರಲ್ಲೂ ಇಲ್ಲ, ಕೈಪತ್ರಕ್ಕೂ ಇಲ್ಲ.

ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಅನೆಸ್ತಿಯವರ ಹಿಂದೆ ಹಿಂದೆಯೇ ಹೋದೆ. ಹೇಳಿಬಿಡೋಣ ಅಂತ.

"ಏನು ಪ್ರೊಕೋಪಿ, ಮುಖ ಯಾಕೆ ಹಾಗಿದೆ?"

"ಏನಿಲ್ಲ ಫಾದರ್. ಮಳೆ ಬರುತ್ತೇನೋ ಅಂತ."

"ಬರಲಿ. ಆಲಿವ್ ಕಾಯಿಗೆ ಒಳ್ಳೇದು."

ಅಲ್ಲಿಗೆ ಮುಗಿಯಿತು. ಹೇಡಿ.

ಇನ್ನೊಂದು ಹೊಳೆಯಿತು, ದಾರಿಯಲ್ಲಿ. ಅವಳು ಹೋಗಿ ಎರಡೂವರೆ ತಿಂಗಳಿಗೆ ಯೂರೋ ಬಂತು. ಈ ಮಾರ್ಚಿಗೆ ಬ್ಯಾಂಕಿನವರೂ ಹಳೇ ನಾಣ್ಯ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಅಂದರೆ ಅವಳು ಆ ದಡದಲ್ಲಿ ನಿಂತು ನಡೆಯದ ನಾಣ್ಯ ಚಾಚುತ್ತಿದ್ದಾಳೆ, ಕ್ಯೂನಲ್ಲಿ ಹಿಂದಿನವರು ಗೊಣಗುತ್ತಿದ್ದಾರೆ... ಒಬ್ಬನೇ ನಕ್ಕೆ. ಆಮೇಲೆ ಕಟ್ಟೆ ಮೇಲೆ ಕೂತೆ, ಸ್ವಲ್ಪ ಹೊತ್ತು.


ಅಕ್ಟೋಬರ್ 22, ಶುಕ್ರವಾರ. ಸಂಜೆ 5

ಗರಿಫಾಲಿಯಾಳ ಅಡುಗೆಮನೆ. ಸತ್ತವರ ಹೆಸರಲ್ಲಿ ನಾಳೆ ಹಂಚುವ ಕೊಳಿವಾಕ್ಕೆ ಗೋಧಿ ಬೇಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿದೆವು. ನನಗೆ ದಾಳಿಂಬೆ ಬಿಡಿಸುವ ಕೆಲಸ.

"ಒಂದು ಬಟ್ಟಲಿಗೆ, ಎರಡು ಬಾಯಿಗೆ. ನೋಡ್ತಾ ಇದೀನಿ ಭಾವ."

"ಗರಿಫಾಲಿಯಾ, ನಾಳೆ ನಾನು ದೂರ ನಿಂತಿರ್ತೀನಿ. ಸೈಪ್ರೆಸ್ ಮರದ ಹತ್ತಿರ."

ಕೈ ಒರೆಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಬಿಳಿ ಬಟ್ಟೆ ಹಿಡ್ಕೊಳ್ಳೋಕೆ ಒಬ್ಬರು ಬೇಕು. ತಲೆಬುರುಡೆ ಮೊದಲು ಬರತ್ತೆ. ಅದನ್ನ ಹೊರಗಿನವರ ಕೈಗೆ ಕೊಡ್ಲಾ?"

ದಾಳಿಂಬೆ ಬಿಡಿಸಿದೆ. ಹೇಳಬೇಕಿತ್ತು. ಬಾಯಿಗೆ ಬಂತು... ಕಾಳು ಹಾಕಿಕೊಂಡು ಮುಚ್ಚಿಬಿಟ್ಟೆ.


ಅಕ್ಟೋಬರ್ 23, ಶನಿವಾರ. ಮಧ್ಯಾಹ್ನ 3

ಕೈ ಇನ್ನೂ ವೈನ್ ವಾಸನೆ.

ಬೆಳಿಗ್ಗೆ ಎಂಟಕ್ಕೆ ಹೋದೆವು. ಅಗೆಯುವ ಇಲಿಯಾಸ್ ಮೊಣಕಾಲು ಆಳದ ತನಕ ಗುದ್ದಲಿ, ಆಮೇಲೆ ಕೈಯಲ್ಲೇ. ಪಾದ್ರಿಗಳು ಮಂತ್ರ ಹೇಳುತ್ತಿದ್ದರು. ನಾನು ಬಿಳಿ ಬಟ್ಟೆ ಚಾಚಿ ನಿಂತಿದ್ದೆ. ಕಣ್ಣು ಮುಚ್ಚಿಕೊಂಡೇ.

ಇಲಿಯಾಸನ ದನಿ — "ದೇವರು ದೊಡ್ಡವನು. ಜೇನುಮೇಣದ ಹಾಗಿದಾಳೆ."

ಬಟ್ಟೆಯ ಮೇಲೆ ಭಾರ ಬಿತ್ತು. ಎಷ್ಟು ಕಡಿಮೆ ಭಾರ! ಕಣ್ಣು ಬಿಟ್ಟೆ. ಹಳದಿ, ಶುದ್ಧ. ಮಣ್ಣು ಒಪ್ಪಿಕೊಂಡಿದೆ. ಮುಂದಿನ ಎರಡು ಹಲ್ಲಿನ ನಡುವೆ ಆ ಸಂದಿ — ಅದರಲ್ಲೇ ಅಲ್ಲವೇ ಅವಳು ಸಿಳ್ಳೆ ಹಾಕುತ್ತಿದ್ದುದು, ಊಟದ ಡಬ್ಬಿ ತೆರೆದು ನನ್ನನ್ನು ಕರೆಯಲು. ನಾನು ಎದೆಗೊತ್ತಿಕೊಂಡೆ. ಹೆದರಿದ್ದೆನಲ್ಲ ಇದಕ್ಕೆ. ನಮ್ಮ ಅಸಿಮಿನಾ ಕಣೋ, ಹೆದರುವುದೇನು.

ಕಲ್ಲಿನ ಮೇಲೆ ಬೋಗುಣಿ ಇಟ್ಟುಕೊಂಡು ಇಬ್ಬರೂ ತೊಳೆದೆವು. ಪಾದ್ರಿಗಳು ಮೂಳೆಮನೆಯ ಬೀಗ ತೆಗೆಯಲು ಹೋಗಿದ್ದರು, ಇಲಿಯಾಸ್ ಸಿಗರೇಟಿಗೆ. ಗರಿಫಾಲಿಯಾ ಬಲಗೈಯ ಸಣ್ಣ ಮೂಳೆಗಳನ್ನು ಒಂದೊಂದಾಗಿ ತೊಳೆಯುತ್ತ ನಿಂತಳು. ಬೆರಳಿನ ಮೂಳೆಯೊಂದಕ್ಕೆ ಎಳೆ ಹಸಿರು ಕಲೆ.

ಆಮೇಲೆ ಮಣ್ಣುಮುದ್ದೆಯೊಳಗಿಂದ ಅದನ್ನೇ ತೆಗೆದಳು. ಉಜ್ಜಿದಳು. ಅಲೆಕ್ಸಾಂಡರನ ಮೂಗು ಕಂಡಿತು.

ಹೇಳಿ ಕೇಳಿ ಗರಿಫಾಲಿಯಾ ಶುಕ್ರವಾರ ಉಪವಾಸಕ್ಕೆ ಹಾಲೂ ಮುಟ್ಟದವಳು, ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿನಲ್ಲಿರುವವಳು.

"ನೀವಾ ಭಾವ?"

"ನಾನೇ. ಅವಳು... ಮರೀಬೇಡ ಅಂದಿದ್ದಳು."

ನಾಣ್ಯವನ್ನು ತಿರುಗಿಸಿ ನೋಡಿದಳು, ಹಿಂದೆ ಮುಂದೆ. ಅಂಗಡಿಯಲ್ಲಿ ಖೋಟಾ ನಾಣ್ಯ ನೋಡುವ ಹಾಗೆ.

"ಇದು ಈಗ ನಡೆಯಲ್ಲವಲ್ಲ," ಅಂದಳು.

ಕಪ್ಪು ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಮೇಣದಬತ್ತಿಗೆ ಅಂತ ತಂದಿದ್ದ ಚಿಲ್ಲರೆ. ಅದರಿಂದ ಒಂದು ಯೂರೋ ಆರಿಸಿ, ಬೋಗುಣಿಯ ವೈನಿನಲ್ಲಿ ಅದ್ದಿ, ತನ್ನ ಅಕ್ಕನ ಬೆರಳ ಮೂಳೆಗಳ ಜೊತೆ ಬಟ್ಟೆಯೊಳಗೆ ಇಟ್ಟಳು. ಮೇಲೆ ಶಿಲುಬೆ ಗುರುತೂ ಮಾಡಿದಳು!

"ಪಾದ್ರಿಗಳಿಗೆ..."

"ಅವರಿಗ್ಯಾಕೆ? ದೋಣಿ ಅವರದಾ?" ಮೂಗು ಒರೆಸಿಕೊಂಡಳು. "ಮೂರು ವರ್ಷ ನಿಲ್ಲಿಸ್ಬಿಟ್ರಲ್ಲ ಭಾವ, ನಮ್ಮಕ್ಕನ್ನ, ಅಲ್ಲಿ, ಚಿಲ್ಲರೆ ಇಲ್ಲದೆ."

ಬೈಗುಳವೋ, ಏನೋ. ಇಬ್ಬರೂ ಅತ್ತೆವು. ಇಲಿಯಾಸ್ ಬಂದವನು, ಇದೆಲ್ಲ ಇದ್ದದ್ದೇ ಎಂಬಂತೆ ಇನ್ನೊಂದು ಸಿಗರೇಟಿಗೆ ಹೋದ.

ಎರಡನೇ ಕಪಾಟು, ನನ್ನಪ್ಪನ ಪಕ್ಕ. ಕೊಳಿವಾ ಎಲ್ಲರಿಗೂ ಹಂಚಿದೆವು. ದಾಳಿಂಬೆ ಕಡಿಮೆ ಅಂತ ದೂರು.


ಅಕ್ಟೋಬರ್ 25, ಸೋಮವಾರ. ಬೆಳಿಗ್ಗೆ 9

ಕಾಫಿ ಉಕ್ಕಲಿಲ್ಲ. ನೋಡುತ್ತ ನಿಂತಿದ್ದೆ.

ಹನ್ನೊಂದು ಉತ್ತರ ನಿನ್ನೆಯೇ ಮುಗಿಸಿದೆ. ಹತ್ತು ಗಂಟೆಗೆ ಮಿರ್ಸಿನಿ ಬರುತ್ತಾಳೆ. ಹಳೇ ನಾಣ್ಯ ಮೇಜಿನ ಮೇಲಿದೆ, ಹಾಳೆ ಹಾರದಂತೆ ಇಟ್ಟಿದ್ದೇನೆ. ಒಂದು ಬದಿ ಹಸಿರು.

ಉಳಿದದ್ದು ಹನ್ನೆರಡನೆಯದು. ಎಲ್ಲರೂ ಹೊರಡುವ ಮುಂಚೆ, ಮೂರನೇ ಕೋಣೆಯ ಬಾಗಿಲಲ್ಲಿ, ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆ — ಈ ದೋಣಿ, ಈ ನದಿ, ನಾಣ್ಯ... ಅವರು ಇದನ್ನೆಲ್ಲ ನಿಜವಾಗಿ ನಂಬಿದ್ದರಾ?

'ನೋ ಮೇಡಂ, ಓನ್ಲಿ ಸ್ಟೋರಿ' ಅಂತ ಬರೆದೆ. ಹೊಡೆದುಹಾಕಿದೆ. 'ಎಸ್ ಮೇಡಂ' ಅಂತ ಬರೆದೆ. ಅದೂ ಸುಳ್ಳು. ನಾನೇನು ನಂಬಿದ್ದೆನೇ? ಗರಿಫಾಲಿಯಾ ನಂಬಿದ್ದಳೇ? ಆದರೂ ಬರಿಗೈಯಲ್ಲಿ ಕಳಿಸಲು ಇಬ್ಬರಿಗೂ ಆಗಲಿಲ್ಲ. ಇದಕ್ಕೆ ಇಂಗ್ಲಿಷಲ್ಲಿ ಒಂದು ಮಾತಿರಬೇಕು. ಕಾಲೇಜಲ್ಲಿ ಆ ಪಾಠ ಬರುವ ಮುಂಚೆಯೇ ಬಿಟ್ಟುಬಂದೆ.

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ತಿರುಗಿಸಿದರಾಯಿತು.

ಹನ್ನೆರಡು. ಮೇಡಂ, ಈ ಕೋಣೆಯ ನೆಲ ನನ್ನ ಹೆಂಡತಿ ಒರೆಸುತ್ತಿದ್ದಳು. ಒಂದು ದಿನ ಬಕೆಟ್ ಕೆಳಗಿಟ್ಟು ಅವಳು ಕೇಳಿದಳು —